ಜಂಬಣ್ಣನ ಹಾಜರಿ

ಮನೆಯಲ್ಲಿ ಒಬ್ಬರಿಗೆ ಹುಚ್ಚು ಹಿಡಿದರೆ ಉಳಿದವರು ಮದ್ದು ಅರೆಯಬೇಕಾಗುತ್ತದೆ. ನಮ್ಮ ಮನೆಯಲ್ಲಿ ಹುಚ್ಚು ಹಿಡಿದದ್ದು ಮಾವನವರಿಗೆ, ಉಳಿದವರು ಚಹಾ ಕುಡಿಯಬೇಕಾಯಿತು. ಇಷ್ಟೇ ಅಲ್ವಾ ಎಂದು ನಗುವವರು ಕಾಫಿಯ ಮನೆಯಲ್ಲಿ ಹುಟ್ಟಿದವರಲ್ಲ. ಉಡುಪಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಕಾಫಿ ಗಂಟಲಿಗೆ ಇಳಿಯುವ ಮೊದಲು ಯಾರೂ ಯಾರೊಂದಿಗೂ ಮಾತಾಡುವ ಪದ್ಧತಿಯೇ ಇರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಎಲ್ಲರೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆಂದು ತಿಳಿದು ಬಾವಿಕಟ್ಟೆಯ ಬಳಿ ನಿಂತು ಅತ್ತದ್ದೂ ಉಂಟು. ಅತ್ತೆ ಬಂದು ಕೈಗೊಂದು ಲೋಟ ಕಾಫಿ ಕೊಟ್ಟು, "ಇದನ್ನು ಕುಡಿ, ಆಮೇಲೆ ಬೇಕಿದ್ದರೆ ಅಳು" ಎಂದಿದ್ದರು. ಕುಡಿದ ಮೇಲೆ ಅಳಬೇಕೆನಿಸಲಿಲ್ಲ. ಚಹಾ ಎಂದರೆ ನಮ್ಮಲ್ಲಿ ಶೀತವಾದಾಗ ಮೂಗು ಹಿಡಿದು ಕುಡಿಯುವ ಕಷಾಯದ ದೂರದ ನೆಂಟ. ಅಂಥ ಮನೆಗೆ ವರ್ಷಗಟ್ಟಲೆ ಪೊಟ್ಟಣ ಪೊಟ್ಟಣ ಚಹಾಪುಡಿ ಬಂತೆಂದರೆ ಅದಕ್ಕೆ ಕಾರಣ ಒಬ್ಬ ಪೊಲೀಸ್ ಜಮಾದಾರ. ಅವನು ನಿಜವಾದ ಮನುಷ್ಯನೂ ಆಗಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ನಮ್ಮವರಿಗೆ ಉಡುಪಿಯಲ್ಲೇ ಕೆಲಸ. ಮಾವನವರು ಕಾಪುವಿನ ಕಡೆಯ ಒಂದು ಶಾಲೆಯಲ್ಲಿ ಹೆಡ್ ಮಾಷ್ಟ್ರಾಗಿದ್ದು ನಿವೃತ್ತರಾದವರು. ಅವರು ಗೇಟಿನ ಬಳಿ ಒಮ್ಮೆ ಕೆಮ್ಮಿದರೆ ಸಾಕು, ಒಂದನೆಯ ಕ್ಲಾಸಿನಿಂದ ಏಳನೆಯದರವರೆಗೆ ಮಗ್ಗಿ ತಾನಾಗಿಯೇ ಶುರುವಾಗುತ್ತಿತ್ತಂತೆ. ಅಂಥ ಮನುಷ್ಯ, ಅತ್ತೆ ತೀರಿಕೊಂಡ ಮೇಲೆ, ಜಗಲಿಯ ಆರಾಮ ಕುರ್ಚಿಯಲ್ಲಿ ಕುಳಿತವರು ಏಳಲೇ ಇಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಬಿಸಿನೀರು ಇಟ್ಟರೆ ಮೀಯುತ್ತಿದ್ದರು. ಗೇಟು ಮಾತ್ರ ದಾಟುತ್ತಿರಲಿಲ್ಲ. ಪೇಪರಿನ ಮಡಿಕೆಯನ್ನೂ ಬಿಚ್ಚುತ್ತಿರಲಿಲ್ಲ. "ಮಾವ, ರಥಬೀದಿಯವರೆಗಾದರೂ ಹೋಗಿ ಬನ್ನಿ" ಎಂದರೆ, "ಹೋಗಿ ಎಂತ ಮಾಡುವುದು?" ಎನ್ನುತ್ತಿದ್ದರು. ಹೀಗೇ ಒಂದು ವರ್ಷ ಕಳೆಯಿತು. ಬೈಗಳಾದರೂ ಬರಲಿ ಎಂದು ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ. ನಮ್ಮವರು ಒಂದು ತುತ್ತಿಗೇ ನೀರು ಹುಡುಕಿದರು. ಮಾವನವರು ಸುಮ್ಮನೆ ಉಂಡು ಕೈತೊಳೆದು ಹೋಗಿ ಕುರ್ಚಿಯಲ್ಲಿ ಕುಳಿತರು. ಆ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು. ಈ ಮನುಷ್ಯ ಕುಳಿತಲ್ಲೇ ಕರಗಿ ಹೋಗುತ್ತಾರೆ, ನಾವು ನೋಡುತ್ತಾ ಇರುತ್ತೇವೆ ಎನ್ನಿಸಿತು.

ಅಷ್ಟರಲ್ಲಿ ಒಂದು ಸಂಜೆ ಕಾಫಿಪುಡಿ ಮುಗಿದು ಹೋಯಿತು. ಬೀದಿಯ ಅಂಗಡಿಯಲ್ಲೂ ಇರಲಿಲ್ಲ. ಬೇರೆ ಗತಿಯಿಲ್ಲದೆ ಒಂದು ಪೊಟ್ಟಣ ಚಹಾಪುಡಿ ತಂದು, ಮಾವನವರ ಎದುರಿನ ಸ್ಟೂಲಿನ ಮೇಲಿಟ್ಟು ಬಿಚ್ಚಿದೆ. ಒಳಗಿನಿಂದ ಒಂದು ಬಣ್ಣದ ಕಾರ್ಡು ಜಾರಿ ಅವರ ಮಡಿಲಿಗೆ ಬಿತ್ತು. ಅದರಲ್ಲಿದ್ದವನು ಜಮಾದಾರ ಜಂಬಣ್ಣ. ಆ ಚಹಾ ಕಂಪೆನಿಯವರು ಜಾಹೀರಾತಿಗೆಂದು ಹುಟ್ಟಿಸಿದ ಈ ಜಂಬಣ್ಣ ಆಗ ನಮ್ಮ ಕಡೆ ಮನೆಮಾತಾಗಿದ್ದ. ಅಡಿಕೆ ಸೋಗೆಯ ಹಾಗೆ ಎರಡು ಬದಿಗೆ ಇಳಿಬಿದ್ದ ಮೀಸೆ, ಮೊಣಕಾಲಿನವರೆಗಿನ ಖಾಕಿ ಚಡ್ಡಿ, ಲಿಂಬೆ ಹಣ್ಣಿನ ಗಾತ್ರದ ಕಣ್ಣು. ಕಳ್ಳನನ್ನು ಹಿಡಿಯುವ ಮೊದಲು ಒಂದು ಲೋಟ ಚಹಾ ಕುಡಿಯುವುದು ಅವನ ಕ್ರಮ, ಹಾಗಾಗಿ ಅವನ ಪೇಟೆಯ ಕಳ್ಳರಿಗೆ ಓಡಲು ಧಾರಾಳ ಸಮಯ ಸಿಗುತ್ತಿತ್ತು. ಬಸ್ಸಿನ ಕಂಡಕ್ಟರುಗಳು ಅವನ ಹಾಗೆ ಮೀಸೆ ಬಿಡಲು ಶುರು ಮಾಡಿದ್ದರು. ಮಾವನವರು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಮೂಲೆಯಲ್ಲಿ ನಾಲ್ಕು ಎಂಬ ಅಂಕಿ ಇತ್ತು.

"ಒಂದು, ಎರಡು, ಮೂರು ಎಲ್ಲಿ?" ಎಂದು ಕೇಳಿದರು.

"ಅಂಗಡಿಯಲ್ಲಿ ಇರಬಹುದು ಮಾವ."

"ಇರಬಹುದು ಎಂದರೆ ಎಂತ ಅರ್ಥ? ನಾಲ್ಕನೆಯವನು ಬಂದಿದ್ದಾನೆ, ಮುಂದಿನ ಬೆಂಚಿನ ಮೂವರು ಬರಲಿಲ್ಲ ಎಂದರೆ ಕೇಳುವವರು ಯಾರೂ ಇಲ್ಲವಾ ಈ ಮನೆಯಲ್ಲಿ?"

ವರ್ಷದ ಮೇಲೆ ಅವರ ಬಾಯಿಂದ ಬಂದ ಮೊದಲ ಬೈಗಳು ಅದು. ಒಳಗೆ ಹೋಗಿ ನಮ್ಮವರ ಹತ್ತಿರ, "ನಿಮ್ಮ ಅಪ್ಪ ಬೈದರು" ಎಂದೆ. ಅವರು ಓದುತ್ತಿದ್ದ ಪುಸ್ತಕ ಕೆಳಗಿಟ್ಟು, "ನಿಜವಾಗಿಯಾ? ಎಂತಕ್ಕೆ ಬೈದರು?" ಎಂದು ಕೇಳಿದ ರೀತಿ ಹೇಗಿತ್ತೆಂದರೆ, ಮಗುವಿಗೆ ಮೊದಲ ಹಲ್ಲು ಬಂತು ಎಂದು ಕೇಳಿದ ತಂದೆಯ ಹಾಗೆ. ಮರುದಿನ ಆಫೀಸಿನಿಂದ ಬರುವಾಗ ನಾನು ಎರಡು ಪೊಟ್ಟಣ ಚಹಾಪುಡಿ ತಂದೆ.

ಅಲ್ಲಿಂದ ಶುರುವಾಯಿತು. ಒಟ್ಟು ಹನ್ನೆರಡು ಕಾರ್ಡುಗಳೆಂದು ಪೊಟ್ಟಣದ ಮೇಲೆ ಅಚ್ಚಾಗಿತ್ತು. ಮಾವನವರ ಲೆಕ್ಕದಲ್ಲಿ ಅದೊಂದು ಹನ್ನೆರಡು ಮಕ್ಕಳ ಕ್ಲಾಸು, ಪೂರ್ತಿ ಹಾಜರಿ ಆಗದೆ ಪಾಠ ಶುರುವಾಗುವ ಹಾಗಿಲ್ಲ. ಬೆಳಿಗ್ಗೆ ಎದ್ದು ಮಿಂದು ಕಾರ್ಡುಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು ಹೆಸರು ಕೂಗುತ್ತಿದ್ದರು. ಎಲ್ಲರ ಹೆಸರೂ ಜಂಬಣ್ಣನೇ ಆದ ಕಾರಣ ನಂಬರು ಕೂಗುತ್ತಿದ್ದರು ಎನ್ನುವುದು ಸರಿ. ಒಂದೇ ನಂಬರು ಎರಡು ಸಲ ಬಂದರೆ, "ಇವನನ್ನು ಬೇರೆ ಶಾಲೆಗೆ ವರ್ಗ ಮಾಡಬೇಕು" ಎಂದು ಬದಿಗಿಡುತ್ತಿದ್ದರು. ಹಾಗೆ ವರ್ಗ ಮಾಡಲು, ಅಂದರೆ ಬದಲಿಗೆ ಇನ್ನೊಂದು ನಂಬರು ತರಲು, ಮನುಷ್ಯ ಗೇಟು ದಾಟಲೇ ಬೇಕಲ್ಲ. ದಾಟಿದರು. ಮೊದಲು ಬೀದಿಯ ಅಂಗಡಿ, ಆಮೇಲೆ ಬಸ್ ಸ್ಟ್ಯಾಂಡಿನ ಅಂಗಡಿ. ಆಮೇಲೆ ಮಣಿಪಾಲಕ್ಕೆ ನನ್ನ ಆಫೀಸಿಗೇ ಬಂದರು. ಶಾಲಿನಿ ಎಂಬ ನನ್ನ ಸಹೋದ್ಯೋಗಿಯ ಮನೆಯಲ್ಲಿ ಚಹಾವೇ ಕುಡಿಯುವುದು, ಅವಳಲ್ಲಿ ಎಂಟನೆಯ ನಂಬರು ಎರಡು ಉಂಟು ಎಂದು ನಾನು ಬಾಯಿತಪ್ಪಿ ಹೇಳಿದ್ದೆ. ಅವಳ ಟೇಬಲ್ಲಿನ ಎದುರು ನಿಂತು, "ನಿಮ್ಮಲ್ಲಿ ಎಂಟನೆಯವನು ಹೆಚ್ಚುವರಿ ಇದ್ದಾನೆ ಎಂದು ಕೇಳಿದೆ" ಎಂದರು. ಶಾಲಿನಿ ಹೆದರಿ ಎದ್ದು ನಿಂತುಕೊಂಡಳು. ಅವಳು ಅವರ ಶಾಲೆಯಲ್ಲಿ ಓದಿದವಳೂ ಅಲ್ಲ.

ಇತ್ತ ಮನೆಯಲ್ಲಿ ಚಹಾಪುಡಿ ಬೆಟ್ಟವಾಯಿತು. ಮಾವನವರು ತಾವೊಂದು ತೊಟ್ಟು ಕುಡಿಯುತ್ತಿರಲಿಲ್ಲ, ಪಿತ್ತವಂತೆ. ಪುಡಿ ವ್ಯರ್ಥ ಮಾಡಬಾರದೆಂದು ನಮಗೆ ಅಪ್ಪಣೆ. ನಮ್ಮವರು ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಬೀದಿಯ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ನನಗೆ ಆ ಸೌಲಭ್ಯವೂ ಇರಲಿಲ್ಲ. ಹೂ ತರುವವಳಿಗೆ, ಪೋಸ್ಟ್ ತರುವವರಿಗೆ, ತೆಂಗಿನಕಾಯಿ ಕೀಳಲು ಬಂದವರಿಗೆ ಪುಡಿ ಕಟ್ಟಿ ಕೊಟ್ಟೆ. ಪೆರ್ಡೂರಿನ ನನ್ನ ತವರಿಗೆ ಒಂದು ಚೀಲ ಕಳಿಸಿದೆ. ಅಲ್ಲಿಂದ ಬಂದ ತಮ್ಮ, "ಭಾವನಿಗೆ ಕೆಲಸ ಹೋಗಿ ಚಹಾಪುಡಿ ಏಜೆನ್ಸಿ ಹಿಡಿದರಾ ಎಂದು ಅಮ್ಮ ಕೇಳಿದ್ದಾರೆ, ಹೆದರಬೇಡಿ, ನಿಜ ಹೇಳಿ" ಎಂದು ಗುಟ್ಟಾಗಿ ಕೇಳಿದ. ನಿಜ ಹೇಳಿದೆ. ಅವನು ನಂಬಲಿಲ್ಲ.

ಈ ಕಾರ್ಡುಗಳಿಗೆ ಬೆಲೆ ಎಷ್ಟು ಎನ್ನುವುದು ನನಗೆ ಗೊತ್ತಾದದ್ದು ಕಾರ್ಕಳದಲ್ಲಿ. ಅಲ್ಲಿ ಗಲ್ಫಿನಿಂದ ರಜೆಗೆ ಬಂದಿದ್ದ ಸದಾನಂದ ಎಂಬವರಿಗೂ ಇದೇ ಹುಚ್ಚು. ಅವರಲ್ಲಿದ್ದ ಒಂಬತ್ತನೆಯ ನಂಬರಿಗಾಗಿ ಮಾವನವರು ಒಂದು ಭಾನುವಾರ ನನ್ನನ್ನು ಹೊರಡಿಸಿಕೊಂಡು ಬಸ್ಸು ಹತ್ತಿದರು. ಅದಲು ಬದಲು ಆಯಿತು. ಆ ಮೇಲೆ ಸದಾನಂದರು ಗಂಟಲು ಸರಿಮಾಡಿಕೊಂಡು, ಅಲಮಾರಿನಿಂದ ಒಂದು ಹೊಚ್ಚ ಹೊಸ ಜಪಾನಿ ಟೇಪ್ ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟರು. "ಮಾಷ್ಟ್ರೆ, ಹನ್ನೆರಡೂ ಕೂಡಿದ ದಿನ ಸೆಟ್ಟು ನನಗೆ ಕೊಡಿ. ಇದು ನಿಮಗೆ" ಎಂದರು. ನಾನು ಕುರ್ಚಿಯ ತುದಿಗೆ ಸರಿದು ಅದನ್ನೇ ನೋಡಿದೆ. ಇಡೀ ಬೀದಿಯಲ್ಲಿ ಅಂಥದ್ದು ಯಾರ ಮನೆಯಲ್ಲೂ ಇರಲಿಲ್ಲ. ಮಾವನವರು ಕೊಡೆ ಎತ್ತಿಕೊಂಡು, "ಕ್ಲಾಸು ಮಾರುವ ಮಾಷ್ಟ್ರನ್ನು ಎಲ್ಲಿಯಾದರೂ ಕಂಡಿದ್ದೀರಾ?" ಎಂದು ಕೇಳಿ ಹೊರಟೇ ಬಿಟ್ಟರು. ಬಸ್ಸಿನಲ್ಲಿ ಹಿಂದೆ ಬರುವಾಗ ನಾನು ಅವರೊಂದಿಗೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೂ ಆಗಲಿಲ್ಲ, ಒಂಬತ್ತನೆಯ ಜಂಬಣ್ಣನನ್ನು ಕಿಸೆಯಿಂದ ತೆಗೆದು ನೋಡುವುದು, ಇಡುವುದು, ಇದೇ ಆಯಿತು.

ಹನ್ನೊಂದು ಕೂಡಿದವು. ಹನ್ನೆರಡನೆಯದು ಸಿಗಲಿಲ್ಲ. ಆಗ ನನ್ನ ಮನಸ್ಸಿನಲ್ಲಿ ಒಂದು ಹೊಸ ಚಿಂತೆ ಶುರುವಾಯಿತು. ಸಿಕ್ಕಿಬಿಟ್ಟರೆ? ಹಾಜರಿ ಪೂರ್ತಿಯಾದ ಮರುದಿನ ಬೆಳಿಗ್ಗೆ ಈ ಮನುಷ್ಯ ಎಂತ ಮಾಡುತ್ತಾರೆ? ಮತ್ತೆ ಆ ಕುರ್ಚಿಯಲ್ಲಿ ಕುಳಿತು, "ಹೋಗಿ ಎಂತ ಮಾಡುವುದು?" ಎಂದರೆ? ನಮ್ಮವರಿಗೆ ಹೇಳಿದೆ. ಅವರು, "ಹಾಗಾದರೆ ಸಿಗದಿರಲಿ ಎಂದು ಹರಕೆ ಹೇಳು" ಎಂದರು. ನಿಜಕ್ಕೂ ಹೇಳುವವಳಿದ್ದೆ. ಆದರೆ ದಿನಾ ಸಂಜೆ ಖಾಲಿ ಕೈಯಲ್ಲಿ ಬಂದು ಚಪ್ಪಲಿ ಬಿಡುವಾಗ ಅವರ ಮುಖ ನೋಡಿದರೆ ಆ ಹರಕೆ ಬಾಯಿಗೆ ಬರುತ್ತಿರಲಿಲ್ಲ. ಸಿಗಲಿ ಎಂದೂ ಬೇಡಲಾರದೆ, ಸಿಗದಿರಲಿ ಎಂದೂ ಬೇಡಲಾರದೆ, ದೇವರ ಎದುರು ನಿಂತು ದೀಪ ಹಚ್ಚಿ ಸುಮ್ಮನೆ ಬಂದೆ.

ಕೊನೆಗೆ ಗೊತ್ತಾಯಿತು, ಹನ್ನೆರಡನೆಯ ಕಾರ್ಡು ಸಣ್ಣ ಪೊಟ್ಟಣಗಳಲ್ಲಿ ಬರುವುದೇ ಇಲ್ಲ. ಅದು ಪುಸ್ತಕದಷ್ಟು ದೊಡ್ಡದು, ಹೋಟೆಲುಗಳಿಗೆ ಹೋಗುವ ದೊಡ್ಡ ಡಬ್ಬಿಯಲ್ಲಿ ಮಾತ್ರ, ಅದೂ ಯಾವುದೋ ಒಂದರಲ್ಲಿ. ಉಡುಪಿಯಲ್ಲಿ ಹೋಟೆಲುಗಳಿಗೆ ಬರಗಾಲವೇ? ಮಾವನವರು ಒಂದೊಂದಾಗಿ ಹತ್ತಿ ಇಳಿದರು. ಹೊರಗಿನ ತಿಂಡಿ ಮುಟ್ಟದಿದ್ದವರು, ಸುಮ್ಮನೆ ಕೇಳುವುದು ಮರ್ಯಾದೆಯಲ್ಲವೆಂದು ಪ್ರತಿ ಹೋಟೆಲಿನಲ್ಲೂ ಒಂದು ಪ್ಲೇಟು ಇಡ್ಲಿ ತಿಂದರು. ಮುಖಕ್ಕೆ ಸ್ವಲ್ಪ ರಕ್ತ ಬಂತು. ಕೊನೆಗೆ ಒಂದು ಹೋಟೆಲಿನ ಮಾಲೀಕರು, ಉಪಾಧ್ಯರೆಂದು, "ಅಯ್ಯೋ, ಅದು ನಮ್ಮ ಡಬ್ಬಿಯಲ್ಲಿ ಬಂದಿತ್ತು ಮಾರಾಯ್ರೆ. ನಮಗೆ ಗುಳ್ಳ ತಂದು ಕೊಡುವ ಶೀನ ಬೇಕೆಂದು ಹೇಳಿ ತೆಗೆದುಕೊಂಡು ಹೋದ. ಮಟ್ಟುವಿನಲ್ಲಿ ಅವನ ಗದ್ದೆ ಉಂಟು" ಎಂದರು. ಗುಳ್ಳ ಎಂದರೆ ನಮ್ಮ ಕಡೆಯ ದುಂಡು ಬದನೆ. ಮಟ್ಟುವಿನ ಮಣ್ಣಿನಲ್ಲಿ ಬೆಳೆದದ್ದಕ್ಕೇ ಆ ರುಚಿ. ಮಾವನವರು ಮನೆಗೆ ಬಂದು ಇದನ್ನು ಹೇಳಿದಾಗ, ಬದನೆ ಬೆಳೆಯುವವನಿಗೆ ಜಂಬಣ್ಣ ಯಾಕೆ ಎಂದು ನಾನು ಕೇಳಿದೆ. "ಅವನೂ ಹಾಜರಿ ತೆಗೆಯುತ್ತಿರಬಹುದು" ಎಂದು ಮಾವನವರು ಗಂಭೀರವಾಗಿ ಹೇಳಿದರು.

ಮರುದಿನ ಬೆಳಿಗ್ಗೆಯೇ ರಜೆ ಹಾಕಿ ಅವರ ಜೊತೆ ಹೋದೆ. ಬಸ್ಸಿಳಿದು ಗದ್ದೆಯ ಬದುವಿನಲ್ಲಿ ನಡೆದರೆ ಎರಡೂ ಬದಿಗೆ ತಿಳಿ ಹಸಿರು ಗುಳ್ಳಗಳು. ಒಂದು ಗದ್ದೆಯ ನಡುವೆ ಹಳೆಯ ಅಂಗಿ ತೊಡಿಸಿದ ಬೆರ್ಚಪ್ಪ ನಿಂತಿದ್ದ. ನೋಡಿದರೆ ಮುಖ ಇರಬೇಕಾದ ಜಾಗದಲ್ಲಿ, ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿ, ಹನ್ನೆರಡನೆಯ ಜಮಾದಾರ ಜಂಬಣ್ಣ. ಮೀಸೆ ತಿರುವುತ್ತಾ ಕಣ್ಣು ಕೆರಳಿಸಿ ನಮ್ಮನ್ನೇ ನೋಡುತ್ತಿದ್ದಾನೆ. ಮಾವನವರು ಬದುವಿನಲ್ಲೇ ನಿಂತುಬಿಟ್ಟರು. "ಪ್ರೆಸೆಂಟ್" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಶೀನ ಓಡಿ ಬಂದ. ನಲವತ್ತರ ಹತ್ತಿರದ ಗಟ್ಟಿ ಆಳು. ಮಾವನವರನ್ನು ಕಂಡ ಕೂಡಲೇ ತಲೆಗೆ ಕಟ್ಟಿದ್ದ ಬೈರಾಸು ಬಿಚ್ಚಿ ಕಂಕುಳಿಗೆ ಸಿಕ್ಕಿಸಿ, ಕೈಕಟ್ಟಿ ನಿಂತ. ಕಾಪುವಿನಲ್ಲಿ ಅವರ ಕೈಯಲ್ಲಿ ಕಲಿತವನಂತೆ. ಬಂದ ವಿಷಯ ಹೇಳಿದೆವು. ಅವನ ಮುಖ ಸಣ್ಣಗಾಯಿತು.

"ಮಾಷ್ಟ್ರೆ, ನೀವು ಬೇರೆ ಎಂತ ಕೇಳಿದರೂ ಕೊಡುತ್ತೇನೆ. ಇದು ದೃಷ್ಟಿಗೆ ಹಾಕಿದ್ದು. ಹೋದ ವರ್ಷ ದಾರಿಯಲ್ಲಿ ಹೋಗುವವರೆಲ್ಲ 'ಎಂತ ಗುಳ್ಳ ಮಾರಾಯ' ಎಂದು ನೋಡಿ ನೋಡಿ ಗಿಡವೇ ಬಾಡಿತು. ಈ ವರ್ಷ ನೋಡುವವರ ಕಣ್ಣು ಮೊದಲು ಇವನ ಮೇಲೆ ಬೀಳುತ್ತದೆ, ಗುಳ್ಳದ ಮೇಲೆ ಬೀಳುವುದಿಲ್ಲ. ಇವನನ್ನು ತೆಗೆದರೆ ನನ್ನ ಬೆಳೆ ಹೋಯಿತು."

"ಬೇರೆ ಮುಖ ಹಾಕಬಹುದಲ್ಲ" ಎಂದೆ.

"ಇಷ್ಟು ಜೋರಿನ ಮುಖ ಎಲ್ಲಿ ಸಿಗುತ್ತದೆ ಅಕ್ಕಾ?" ಎಂದ ಶೀನ, ಸ್ವಲ್ಪ ಹೊತ್ತು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದ. ಆಮೇಲೆ ನನ್ನ ಕಡೆ ತಿರುಗಿ, ಮಾವನವರಿಗೆ ಕೇಳುವಷ್ಟೇ ಸಣ್ಣ ದನಿಯಲ್ಲಿ, "ಮಾಷ್ಟ್ರದ್ದು ಒಂದು ಫೋಟೋ ಸಿಕ್ಕಿದರೆ ಆಗುತ್ತಿತ್ತು. ಅವರ ಮುಖ ನೆನಪಾದರೆ ನನಗೆ ಈಗಲೂ ಏಳರ ಮಗ್ಗಿ ಮರೆತು ಹೋಗುತ್ತದೆ" ಎಂದ.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಊರಿಗೆ ದೊಡ್ಡ ಮನುಷ್ಯರನ್ನು ಬೆರ್ಚಪ್ಪ ಮಾಡುತ್ತೇನೆ ಎನ್ನುತ್ತಾನಲ್ಲ ಇವನು. ಮಾವನವರ ಕಡೆ ನೋಡಲು ಧೈರ್ಯ ಬರಲಿಲ್ಲ. ಅವರ ಹೊಟ್ಟೆಯೊಳಗಿಂದ ಗುಡುಗುಡು ಎಂದು ಒಂದು ಸದ್ದು ಕೇಳಿತು. ಮಾವನವರು ನಗುತ್ತಿದ್ದರು. ಅವರು ನಗುವುದನ್ನು ಮದುವೆಯಾಗಿ ಬಂದ ಮೇಲೆ ನಾನು ಕಂಡದ್ದು ಅದೇ ಮೊದಲು. ಕೊಡೆ ಊರಿ, ಸೊಂಟ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಮೂವತ್ತು ವರ್ಷ ಮಕ್ಕಳನ್ನು ಕಾಯ್ದದ್ದಾಯಿತು, ಇನ್ನು ಬದನೆಕಾಯಿ ಕಾಯುವ. ಆಗಬಹುದು ಶೀನ" ಎಂದರು. ಆ ಗದ್ದೆಯ ನಡುವೆ ನಿಂತು ನನಗೆ ಅಳು ಬಂತು. ಬೆವರು ಒರೆಸಿದ ಹಾಗೆ ಸೆರಗಿನಿಂದ ಮುಖ ಒರೆಸಿಕೊಂಡೆ.

ಮನೆಯಲ್ಲಿದ್ದ ಅವರ ಫೋಟೋ ಎಲ್ಲವೂ ಅತ್ತೆಯ ಜೊತೆಗಿನವು. ಅತ್ತೆಯನ್ನು ಗದ್ದೆಗೆ ಕಳಿಸುವ ಹಾಗಿಲ್ಲ. ಉಡುಪಿಯ ಒಂದು ಸ್ಟುಡಿಯೋಗೆ ಹೋದೆವು, ನನ್ನ ಆಫೀಸಿನ ಮಧ್ಯಾಹ್ನದ ಬಿಡುವಿನಲ್ಲಿ. ಫೋಟೋದವನು ದೀಪ ಹೊತ್ತಿಸಿ, "ಸ್ವಲ್ಪ ನಗಿ ಸಾರ್" ಎಂದ.

"ನಗುವ ಹಾಗಿಲ್ಲ. ಇದು ಗುಳ್ಳದ ಗದ್ದೆಗೆ" ಎಂದರು ಮಾವನವರು.

ಹಾಗೆ ಹೇಳಿದ್ದೇ ತಪ್ಪಾಯಿತು. ಸಿಟ್ಟಿನ ಮುಖ ಮಾಡಬೇಕೆಂದು ಹುಬ್ಬು ಗಂಟಿಕ್ಕುತ್ತಾರೆ, ಶೀನನ ನೆನಪಾಗುತ್ತದೆ, ಹೊಟ್ಟೆ ಕುಣಿಯುತ್ತದೆ. ಮತ್ತೊಮ್ಮೆ ಗಂಟಿಕ್ಕುತ್ತಾರೆ, ಈ ಸಲ ಫೋಟೋದವನಿಗೇ ನಗು. ಕ್ಯಾಮರಾದಲ್ಲಿ ಫಿಲ್ಮು ಖರ್ಚಾಗುತ್ತಿದೆ. ನನಗೆ ಆಫೀಸಿಗೆ ಹೊತ್ತಾಯಿತು, ಮಣಿಪಾಲದ ಬಸ್ಸು ತಪ್ಪಿದರೆ ಮ್ಯಾನೇಜರ ಮುಖ ನೋಡಬೇಕು. ನಾನು ದೀಪದ ಬೆಳಕಿಗೆ ನುಗ್ಗಿ, ಅವರ ಶಾಲು ಸರಿ ಮಾಡುತ್ತಾ, "ಎಂತ ಮಾವ ಇದು, ಮಕ್ಕಳಾಟಿಕೆಯಾ? ಒಂದು ನಿಮಿಷ ಸಿಟ್ಟು ಮಾಡಲು ನಿಮಗೆ ಅಷ್ಟು ಕಷ್ಟವಾ? ಮತ್ತೆ ನೀವು, ಕ್ಯಾಮರಾ ಹಿಡಿದವರೇ ನಕ್ಕರೆ ಹೇಗೆ?" ಎಂದು ಇಬ್ಬರಿಗೂ ಸೇರಿಸಿ ಕೊಟ್ಟೆ. ಬೆಚ್ಚಿದ ಫೋಟೋದವನ ಕೈ ಗುಂಡಿ ಒತ್ತಿತು. ಬೆಳಕು ಫಳಕ್ಕೆಂದಿತು. ಆಮೇಲೆ ಇನ್ನೊಂದು ತೆಗೆದ, ಅದರಲ್ಲೂ ಅವರು ನಕ್ಕರು.

ಪ್ರಿಂಟು ಹಾಕಿಸಿದ ಎಲ್ಲ ಫೋಟೋಗಳ ಲಕೋಟೆ ಹಿಡಿದು, ಆ ಭಾನುವಾರ ಮತ್ತೆ ಮಟ್ಟುವಿಗೆ ಹೋದೆವು. ಶೀನ ಬದುವಿನಲ್ಲಿ ಕುಳಿತು ಒಂದೊಂದಾಗಿ ನೋಡಿದ. ಮಾವನವರು ಪರೀಕ್ಷೆ ಬರೆದ ವಿದ್ಯಾರ್ಥಿಯ ಹಾಗೆ ಪಕ್ಕದಲ್ಲಿ ನಿಂತಿದ್ದರು. ಶೀನ ಮೊದಲನೆಯದನ್ನು ನೋಡಿ ತಲೆ ಆಡಿಸಿದ, ಎರಡನೆಯದಕ್ಕೂ ಆಡಿಸಿದ.

"ಬೇಸರ ಮಾಡಬೇಡಿ ಮಾಷ್ಟ್ರೆ. ನಿಮ್ಮ ಮುಖದಲ್ಲಿ ಆ ಜೋರು ಈಗ ಇಲ್ಲ. ಇದನ್ನು ಹಾಕಿದರೆ ದಾರಿಯಲ್ಲಿ ಹೋಗುವವರು ಒಳಗೆ ಬಂದು ಎರಡು ಗುಳ್ಳ ಕೇಳಿಯಾರು."

ಇಷ್ಟು ಹತ್ತಿರ ಬಂದು ಕಾರ್ಡು ಹೋಯಿತು ಎಂದುಕೊಂಡೆ. ಮಾವನವರು ಬೆರ್ಚಪ್ಪನ ಕಡೆಗೇ ನೋಡುತ್ತಿದ್ದರು. ಅಷ್ಟರಲ್ಲಿ ಶೀನ ಲಕೋಟೆಯ ತಳದಿಂದ ಇನ್ನೊಂದನ್ನು ಎಳೆದ. ಎಳೆದವನು ಸ್ವಲ್ಪ ಹಿಂದೆ ಸರಿದು ಕುಳಿತ. ಅದರಲ್ಲಿ ಮಾವನವರದ್ದು ಒಂದು ಹೆಗಲು ಮಾತ್ರ ಇತ್ತು. ಉಳಿದದ್ದೆಲ್ಲ ನಾನು. ಒಂದು ಕೈ ಮೇಲೆ, ಬಾಯಿ ಅರ್ಧ ತೆರೆದು, ಕಣ್ಣು ಎರಡೂ ನೇರ ನೋಡುವವರ ಎದೆಗೆ.

"ಇದು ಆಗುತ್ತದೆ" ಎಂದ ಶೀನ. ಎರಡನೇ ಮಾತಿಲ್ಲದೆ ಎದ್ದು ಹೋಗಿ ಜಂಬಣ್ಣನನ್ನು ಬಿಚ್ಚಿ ತಂದು, ಎರಡೂ ಕೈಗಳಿಂದ ಮಾವನವರಿಗೆ ಕೊಟ್ಟ. ನನ್ನನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ, ಅಂಗಿಯ ಮೇಲೆ ಕಟ್ಟಿದ. ನಾನು ಬಾಯಿ ತೆರೆದೆ. ಫೋಟೋದಲ್ಲಿದ್ದ ಮುಖವೇ ಈಗಲೂ ಆಗುತ್ತಿದೆ ಎಂದು ಗೊತ್ತಾಗಿ ಮುಚ್ಚಿದೆ.

ಆ ರಾತ್ರಿ ಚಾಪೆಯ ಮೇಲೆ ಹನ್ನೆರಡೂ ಹಾಜರಾದವು. ಮಾವನವರು ಒಂದು ಸಲ ಕೂಗಿ, ಎಲ್ಲವನ್ನೂ ಜೋಡಿಸಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಎದ್ದವಳು ಮೊದಲು ಜಗಲಿಗೆ ಹೋದೆ. ಆರಾಮ ಕುರ್ಚಿ ಖಾಲಿ. ಮಾವನವರು ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಂಡು, ಕೊಡೆ ಹಿಡಿದು ನಿಂತಿದ್ದರು.

"ಎಲ್ಲಿಗೆ ಮಾವ ಇಷ್ಟು ಬೇಗ?"

"ಮಟ್ಟುವಿಗೆ. ನಿನ್ನೆ ಗಾಳಿ ಜೋರಿತ್ತು. ನಿನ್ನ ಮುಖ ನೆಟ್ಟಗೆ ಉಂಟೋ ಇಲ್ಲವೋ ನೋಡಿ ಬರುತ್ತೇನೆ" ಎಂದು ಹೇಳಿ, ಗೇಟು ತೆಗೆದು ಹೊರಟರು. ಆಮೇಲೆ ಪ್ರತಿ ವಾರ ಹೋಗುತ್ತಿದ್ದರು. ಆ ವರ್ಷ ಶೀನನ ಗದ್ದೆಯ ಒಂದು ಗಿಡವೂ ಬಾಡಲಿಲ್ಲವಂತೆ. ಅಕ್ಕಪಕ್ಕದ ಗದ್ದೆಯವರು ನನ್ನ ಇನ್ನೂ ಎರಡು ಪ್ರತಿ ಕೇಳಿದ್ದಾರೆ ಎಂದು ಮಾವನವರು ಊಟಕ್ಕೆ ಕುಳಿತಾಗ ತುಂಬ ಅಭಿಮಾನದಿಂದ ಹೇಳಿದರು. ನಮ್ಮವರು ಮಾತ್ರ ತಲೆ ತಗ್ಗಿಸಿ, ತಟ್ಟೆಯಲ್ಲಿದ್ದ ಗುಳ್ಳದ ಹುಳಿಯನ್ನು ನನ್ನ ಕಡೆ ನೋಡದೆಯೇ ಉಂಡು ಮುಗಿಸಿದರು.